ತಾರಸಿಗೆ ಹೊದೆಸಿದ ಮಡಲು

ಅಕ್ಕು ಗಂಟು ಬಿಚ್ಚುತ್ತಿದ್ದಳು. ನಾರಿನ ಹುರಿ ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಉಗುರು ಹಾಕಿದರೆ ಉಗುರೇ ಕಿತ್ತು ಬರುವ ಹಾಗಿತ್ತು. ಅವಳು ಬಿದಿರಿನ ಅಡ್ಡಕ್ಕೆ ಮುಖ ಒತ್ತಿ, ಗಂಟನ್ನು ಹಲ್ಲಿನಲ್ಲಿ ಕಚ್ಚಿ ಸಡಿಲಿಸಿ, ಹುರಿಯನ್ನು ಕಡಿಯದೆ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಬಿಡಿಯಾದ ತೆಂಗಿನ ಮಡಲಿನ ಹೆಣಿಕೆಯನ್ನು ಕೆಳಗೆ ನಿಂತ ಅತ್ತಿಗೆ ತುಂಗಾ ಎರಡೂ ಕೈ ಎತ್ತಿ ಇಳಿಸಿಕೊಳ್ಳುತ್ತಿದ್ದಳು. ತುಂಗಾ ತುಂಬಿದ ಬಸುರಿ. ಕೈ ಎತ್ತಿದಾಗಲೆಲ್ಲ ಹೊಟ್ಟೆ ಮುಂದೆ ಬಂದು ಸೀರೆ ಬಿಗಿಯುತ್ತಿತ್ತು.

ಹೀಗೆ ಬಿಡಾರದ ಮಾಡು ಇಳಿಯಿತು. ಒಳಗೆ ಬಿಸಿಲು ಬಿತ್ತು. ಚಾಪೆ, ಗಂಜಿಯ ಮಡಕೆ, ಬಾಣಂತನಕ್ಕೆಂದು ತುಂಗಾ ಕೂಡಿಸಿಟ್ಟ ಹಳೆ ಬಟ್ಟೆಯ ಗಂಟು ಎಲ್ಲವೂ ದಾರಿಹೋಕರಿಗೆ ಕಾಣುವಂತಾಯಿತು. ಹೊಟ್ಟೆ ಸೀಳಿದ ಮೀನಿನ ಹಾಗೆ ಬಿಡಾರ ಬಾಯಿ ತೆರೆದು ಬಿದ್ದಿತ್ತು. ಪಕ್ಕದ ಬಿಡಾರಗಳಲ್ಲೂ ಅದೇ ಕೆಲಸ ನಡೆದಿತ್ತು.

ಅವರೆಲ್ಲ ಮದರಾಸಿನವರಲ್ಲ. ಕುಂದಾಪುರದ ಕಡೆಯವರು. ಮಧ್ವರಾಜ ರಾಯರ ಗದ್ದೆಯ ಮೂಲದಾಳುಗಳು. ಅಜ್ಜನ ಕಾಲದಿಂದ ರಾಯರ ಮನೆಯ ಅಂಗಳದ ಹೊರಗೇ ನಿಂತು ಕೂಲಿಯ ಭತ್ತವನ್ನು ಸೆರಗಿಗೆ ಹಾಕಿಸಿಕೊಂಡವರು. ರಾಯರಿಗೆ ಮೈಲಾಪುರದಲ್ಲಿ ಹೋಟೆಲಿತ್ತು. ಚೆನ್ನಾಗಿ ನಡೆದು ಈಗ ಅಡ್ಯಾರಿನಲ್ಲಿ ಇನ್ನೊಂದು ಎಬ್ಬಿಸುತ್ತಿದ್ದರು. ಕೆಳಗೆ ಹೋಟೆಲು, ನಡುವೆ ಬಾಡಿಗೆ ಅಂಗಡಿ, ಮೇಲೆ ರೂಮುಗಳು. ಅಲ್ಲಿಯ ಕೂಲಿಯವರು ಬಾಯಿ ಮಾಡುತ್ತಾರೆ, ಕೆಂಪು ಬಾವುಟದವರನ್ನು ಕರೆತರುತ್ತಾರೆ ಎಂದು, ಊರಿನಲ್ಲಿ ನಾಟಿ ಮುಗಿದದ್ದೇ ತನ್ನ ಆಳುಗಳನ್ನು ಬಸ್ಸು, ದೋಣಿ, ರೈಲು ಹತ್ತಿಸಿ ತರಿಸಿದ್ದರು. ನಮ್ಮ ಜಿಲ್ಲೆ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಅದು. ಜಿಲ್ಲೆ ಆ ಕಡೆ ಹೋಯಿತು, ಜನ ಈ ಕಡೆ ಬಂದರು.

ಬಂದವರೇ ಅವರು ಮೊದಲು ಮಾಡಿದ್ದು ಮಾಡು ಕಟ್ಟಿದ್ದು. ಮಡಲು ಹೆಣೆಯಲು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಂಜೆ ಕೆಲಸ ಬಿಟ್ಟ ಮೇಲೆ ಎಲ್ಲರೂ ಕೂತು ಹೆಣೆದು, ಕಟ್ಟಡದ ಹಿಂದೆ ಸಾಲಾಗಿ ಬಿಡಾರ ಎಬ್ಬಿಸಿದ್ದರು. ಆ ಮಾಡನ್ನೇ ಈಗ ಇಳಿಸುತ್ತಿದ್ದರು. ಇಳಿಸಲು ಹೇಳಿದವಳು ಅಕ್ಕು.

ಹಿಂದಿನ ದಿನ ರಾಯರು ಅವಳನ್ನು ಕರೆಸಿದ್ದರು.

ರಾಯರು ಜಲ್ಲಿಯ ರಾಶಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೆಲಸ ನೋಡಿಕೊಳ್ಳುವ ಕಮಲಾಕರ ಕಂಕುಳಲ್ಲಿ ನಕ್ಷೆ ಇಟ್ಟುಕೊಂಡು ನಿಂತಿದ್ದ. ಅವನು ತಲೆಮಾರುಗಳಿಂದ ಮದರಾಸಿನವನು. ಅವನ ಕನ್ನಡದಲ್ಲಿ ಅರ್ಧ ತಮಿಳು.

"ಅದೆಲ್ಲಾ ಶರಿ ಸಾರ್, ಆನಾ ಕೀತ್ತು ಬೇಕೇ ಬೇಕು," ಎನ್ನುತ್ತಿದ್ದ. ಕೀತ್ತು ಎಂದರೆ ಮಡಲು ಎಂದು ಅಕ್ಕುಗೆ ಗೊತ್ತಾಗಿತ್ತು. "ಹಸಿ ಕಾಂಕ್ರೀಟು. ಮುಚ್ಚಲಿಲ್ಲಾಂದ್ರೆ ಮೇಲಿನ ಸಿಮೆಂಟಿನ ಹಾಲೆಲ್ಲಾ ಹೋಗಿಬಿಡುತ್ತೆ. ತಾರ್ಪಾಲು ಎಲ್ಲಿಯೂ ಸಿಕ್ಕಲ್ಲ ಈಗ."

"ಇರುವುದನ್ನು ಬಿಟ್ಟು ಇಲ್ಲದ್ದನ್ನು ಯಾಕೆ ಹುಡುಕುತ್ತಿ?" ಎಂದರು ರಾಯರು. ಆಮೇಲೆ ಅವಳ ಕಡೆ ತಿರುಗಿದರು. "ನೀನು ಶೀನನ ತಂಗಿ ಅಲ್ವಾ? ಎಂತ ಹೆಸರು?"

ಅಕ್ಕು ನೆಲ ನೋಡಿದಳು. "ಅಕ್ಕು."

"ಶಾಲೆಗೆ ಹೋಗಿದ್ದಿಯಂತೆ?"

"ನಾಲ್ಕನೇ ಕ್ಲಾಸು. ಬಿಟ್ಟೆ."

"ಪರವಾಗಿಲ್ಲ. ತಮಿಳೂ ಕಲಿತಿದ್ದಿ, ಮೇಸ್ತ್ರಿ ಹೇಳಿದ. ಸುಮ್ಮನೆ ನೋಡಿ ಕೇಳಿಯೇ ಕಲಿತದ್ದಂತೆ. ಬುದ್ಧಿ ಉಂಟು ನಿನಗೆ." ರಾಯರು ಎಲೆಯಡಿಕೆ ತುಂಬಿದ ಬಾಯಲ್ಲಿ ನಕ್ಕರು. "ಈಗ ಹೇಳು ನೋಡುವ. ನಮ್ಮೂರಲ್ಲಿ ಮಳೆಗಾಲಕ್ಕೆ ಮನೆ ಸುತ್ತ ತಟ್ಟಿ ಕಟ್ತಾರಲ್ಲ, ನವರಾತ್ರಿ ಕಳೆದ ಮೇಲೆ ಅದನ್ನು ಎಂತ ಮಾಡ್ತಾರೆ?"

"ಬಿಚ್ತ್ರು."

"ಯಾಕೆ?"

"ಮಳಿ ಹೋಯ್ತಲ್ದಾ."

"ಹಾಂ." ರಾಯರು ಕಮಲಾಕರನ ಮುಖ ನೋಡಿದರು. "ನವರಾತ್ರಿ ಕಳೆಯಿತು. ನಿಮ್ಮ ಮಾಡಿನ ಮಡಲು ತಾರಸಿಗೆ ಬೇಕು ಅಂತ ನಿಮ್ಮವರಿಗೆ ತಿಳಿಸಿ ಹೇಳು. ನಾನು ಹೇಳಿದರೆ ಹೆದರ್ತಾರೆ. ನೀನು ಹೇಳಿದರೆ ಕೇಳ್ತಾರೆ."

ಕಮಲಾಕರ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ.

ಅಕ್ಕು ಬಿಡಾರದ ಕಡೆ ನಡೆದಳು. ಒಡೆಯರ ಬಾಯಲ್ಲಿ ಅವಳ ಹೆಸರು ಬಂದಿತ್ತು. ಬುದ್ಧಿ ಉಂಟು ಎಂದಿದ್ದರು. ಹುಟ್ಟಿದಾರಭ್ಯ ಯಾರ ಕಣ್ಣಿಗೂ ಬೀಳದ ಹಾಗೆ ಗೋಡೆ ಸವರಿಕೊಂಡು ಓಡಾಡಿದ ಹುಡುಗಿ. ನಾಲ್ಕು ಜನರೆದುರು ಬಾಯಿ ಬಿಟ್ಟರೆ ಕಿವಿ ಕೆಂಪಾಗುತ್ತಿತ್ತು. ಆ ಸಂಜೆ ಮಾತ್ರ ಗಂಜಿಗೆ ಕೂತವರ ನಡುವೆ ನಿಂತು ಹೇಳಿದಳು.

"ಮಾಡಿನ ಮಡ್ಲು ತಾರಸಿಗೆ ಬೇಕಂಬ್ರು. ನಾಳೆ ಬಿಚ್ಚುಕೆ ಹೇಳಿದ್ರು."

"ನಾವೆಲ್ಲಿ ಮಲ್ಗುದು?" ಅಣ್ಣ ಶೀನ ಕೇಳಿದ.

"ನವರಾತ್ರಿ ಕಳೀತಲ್ದಾ. ಇನ್ನು ಮಳಿ ಇಲ್ಲೆ. ಒಡೇರೇ ಹೇಳಿದ್ರು."

ಗುಣವತಿಯಜ್ಜಿ ಎಲ್ಲರಿಗಿಂತ ಹಿರಿಯಳು. ಬಾಯಲ್ಲಿ ಒಂದೂ ಹಲ್ಲಿಲ್ಲ. ಅವಳು ಕಿಸಕ್ಕನೆ ನಕ್ಕಳು. "ಒಳ್ಳೇದಾಯ್ತು ಬಿಡಿ. ಇವ ಶೀನ ಗೊರಕೆ ಹೊಡೆದ್ರೆ ಆಕಾಶಕ್ಕಾದ್ರೂ ಹೋತ್ತು."

ಎಲ್ಲರೂ ನಕ್ಕರು. ಒಪ್ಪಿದರು. ಒಪ್ಪದೆ ಇನ್ನೇನು ಮಾಡುವುದು ಎಂಬುದು ಬೇರೆ ಮಾತು. ಆದರೆ ಅವತ್ತು ಅವರು ಹೆದರಿ ಒಪ್ಪಲಿಲ್ಲ, ನಂಬಿ ಒಪ್ಪಿದರು. ನವರಾತ್ರಿ ಕಳೆದ ಮೇಲೆ ತಟ್ಟಿ ಬಿಚ್ಚುವುದು ಅವರ ಮೈಗೇ ಗೊತ್ತಿದ್ದ ಸಂಗತಿ. ಹೊಲದಲ್ಲಿ ತೆನೆ ಬಾಗುವ ಹೊತ್ತು, ಅಂಗಳಕ್ಕೆ ಸೆಗಣಿ ಸಾರಿಸುವ ಹೊತ್ತು ಅದು. ಮಳೆ ಹೋಗಿರುತ್ತದೆ. ಯಾವ ಊರಿನಲ್ಲಾದರೂ ಹೋಗಿಯೇ ಇರುತ್ತದೆ.

ಇನ್ನು ಮಳೆಯಿಲ್ಲವೆಂದು ರಾಯರು ಹೇಳಿರಲಿಲ್ಲ. ಅಕ್ಕು ಆಮೇಲೆ ಎಷ್ಟು ಸಲ ತಿರುವಿ ಹಾಕಿದರೂ ಆ ಮಾತು ರಾಯರ ಬಾಯಿಂದ ಬಂದದ್ದು ನೆನಪಾಗಲಿಲ್ಲ. ಅದನ್ನು ಅವಳ ಬಾಯಲ್ಲೇ ಹೇಳಿಸಿದ್ದರು. ಹೊತ್ತು ತಂದು ಹಂಚಿದವಳು ಅವಳೇ.

ಅಷ್ಟೇ ಆಗಿದ್ದರೆ ಮೋಸ ಹೋದೆ ಎಂದುಕೊಳ್ಳಬಹುದಿತ್ತು. ಇನ್ನೊಂದಿತ್ತು.

ಅರ್ಧ ಮಾಡು ಇಳಿದಿದ್ದಾಗ ಕನ್ನಿಯಮ್ಮ ಬಂದಳು. ಅವಳು ಹತ್ತಿರದ ಕುಪ್ಪದ, ಎಂದರೆ ಮೀನುಗಾರರ ಕೇರಿಯ ಹೆಂಗಸು, ಇದೇ ಕೆಲಸಕ್ಕೆ ಮೇಸ್ತ್ರಿ ದಿನಗೂಲಿಗೆ ಕರೆದ ನಾಲ್ಕಾರು ಸ್ಥಳೀಯರಲ್ಲಿ ಒಬ್ಬಳು, ಗಾರೆ ಹೊರುವವಳು. ಅಕ್ಕುವನ್ನು ಊಮೆ ಎಂದೇ ಕರೆಯುತ್ತಿದ್ದಳು, ಮೂಗಿ ಅಂತ. ತಲೆಯ ಸಿಂಬಿ ಕೈಗೆ ತೆಗೆದುಕೊಂಡು ಬಿಡಾರಗಳ ಸಾಲನ್ನು ನೋಡಿದಳು.

"ಎನ್ನಾಡಿ ಊಮೆ ಇದು? ನಿಮಗೆಲ್ಲ ತಲೆ ಕೆಟ್ಟಿತಾ?" ತಮಿಳಿನಲ್ಲಿ ಕೇಳಿದಳು. "ಐಪ್ಪಸಿ ತಿಂಗಳು ಬರ್ತಾ ಇದೆ. ಐಪ್ಪಸಿಯಲ್ಲಿ ಅಡೈ ಮಳೆ. ಹಿಡಿದರೆ ಬಿಡುವುದಿಲ್ಲ. ಊರೆಲ್ಲ ಮಾಡು ಗಟ್ಟಿ ಮಾಡಿಕೊಳ್ಳುವಾಗ ನೀವು ಕಿತ್ತು ಹಾಕ್ತೀರಲ್ಲೇ?"

ಅಕ್ಕುವಿನ ಹಲ್ಲಿನ ನಡುವೆ ಹುರಿ ಇತ್ತು. ಕೆಳಗೆ ತುಂಗಾ ಮುಖ ಎತ್ತಿ ಕೇಳಿದಳು. "ಎಂತ ಹೇಳ್ತ್ಲೇ ಅವ್ಳು?"

ತಮಿಳು ಅರ್ಥವಾಗುತ್ತಿದ್ದದ್ದು ಆ ಸಾಲಿನಲ್ಲಿ ಅಕ್ಕು ಒಬ್ಬಳಿಗೇ. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ನಿನ್ನೆಯಷ್ಟೇ ಎಲ್ಲರೆದುರು ನಿಂತು ಹೇಳಿದ್ದಳು. ಜೀವನದಲ್ಲಿ ಮೊದಲ ಸಲ ಜನ ಅವಳ ಮಾತು ಕೇಳಿದ್ದರು. ಈಗ ಅಲ್ಲ ಅಂದರೆ ನಗುತ್ತಾರೆ. ರಾಯರಿಗೆ ತಿಳಿದರೆ ಕಣ್ಣು ಕೆಂಪು ಮಾಡುತ್ತಾರೆ. ಈ ಹೆಂಗಸಿಗೇನು ಗೊತ್ತು, ದೊಡ್ಡವರಿಗೆ ಗೊತ್ತಿಲ್ಲದ್ದಾ ಎಂದೂ ಒಂದು ಗಳಿಗೆ ಅನ್ನಿಸಿತು. ಹಾಗೆಂದು ತನ್ನನ್ನೇ ನಂಬಿಸಿಕೊಂಡಳು.

"ಎಂತ ಇಲ್ಲೆ," ಎಂದಳು. "ಕೆಲ್ಸ ಬೇಗ ಮುಗ್ಸಿ ಅಂತ್ಳು."

ಕನ್ನಿಯಮ್ಮ ಸಿಂಬಿಯನ್ನು ಮತ್ತೆ ತಲೆಗಿಟ್ಟುಕೊಂಡು, "ಹಣೆಬರಹ" ಎಂದು ಹೋದಳು. ಅಕ್ಕು ಮುಂದಿನ ಗಂಟಿಗೆ ಬಾಗಿದಳು.

ಮಾರನೆಯ ದಿನ ತಾರಸಿ ಹಾಕಿದರು.

ಒಮ್ಮೆ ಶುರು ಮಾಡಿದ ಕಾಂಕ್ರೀಟನ್ನು ನಿಲ್ಲಿಸುವಂತಿಲ್ಲ. ನಡುವೆ ನಿಂತರೆ ಅಲ್ಲಿ ಸಂದು ಬೀಳುತ್ತದೆ, ಸಂದಿನಲ್ಲಿ ನೀರು ಇಳಿಯುತ್ತದೆ. ಅದಕ್ಕೇ ಬೆಳಿಗ್ಗೆ ಬೆಳಕು ಹರಿಯುವಾಗ ಹತ್ತಿದವರು ಕತ್ತಲಾಗುವವರೆಗೆ ಇಳಿಯುವಂತಿಲ್ಲ. ಕೆಳಗಿನಿಂದ ಮೇಲಿನವರೆಗೆ ಬಿದಿರು ಕಟ್ಟಿದ ಅಟ್ಟಣಿಗೆಯ, ಸಾರದ ಮೇಲೆ ಹೆಂಗಸರು ಒಬ್ಬರ ಹಿಂದೆ ಒಬ್ಬರು. ಬಾಣಲಿ ತಲೆಯಿಂದ ತಲೆಗೆ, ಕೈಯಿಂದ ಕೈಗೆ. ಒದ್ದೆ ಸಿಮೆಂಟು ಕಿವಿಯ ಹಿಂದೆ ಸೋರಿ, ಕುತ್ತಿಗೆಗಿಳಿದು, ರವಕೆಯೊಳಗೆ ಹೋಗಿ ಸುಡುತ್ತಿತ್ತು. ಒರೆಸಲು ಕೈ ಬಿಡುವಿರಲಿಲ್ಲ. ಮೂತ್ರಕ್ಕೆ ಹೋಗುತ್ತೇನೆಂದವಳಿಗೆ ಮೇಸ್ತ್ರಿ, "ಅಲ್ಲೇ ಬಿಡು, ಕಾಂಕ್ರೀಟಿಗೆ ನೀರು ಸಾಲದು" ಎಂದ. ಗಂಡಸರು ನಕ್ಕರು.

ತುಂಗಾ ಸಾರದ ತಿರುವಿನಲ್ಲಿ ನಿಂತಿದ್ದಳು. ಅವಳನ್ನು ಬಿಟ್ಟುಬಿಡಿ ಎಂದು ಶೀನ ಬೆಳಿಗ್ಗೆಯೇ ಕೇಳಿದ್ದ. ಒಬ್ಬಳು ಕಮ್ಮಿಯಾದರೆ ಸಾಲು ಕಡಿಯುತ್ತದೆ ಎಂದು ಮೇಸ್ತ್ರಿ ಹೇಳಿದ್ದ. ನೆರಳು ಉದ್ದವಾಗುವ ಹೊತ್ತಿಗೆ ಅವಳ ಮುಖ ಬಿಳಿಚಿತು. ಬಾಣಲಿ ತೆಗೆದುಕೊಳ್ಳುವುದು, ಕೊಡುವುದು, ಕೆಳತುಟಿ ಕಚ್ಚುವುದು. ತೆಗೆದುಕೊಳ್ಳುವುದು, ಕೊಡುವುದು, ಕಚ್ಚುವುದು. ಅವಳಿಗಿಂತ ಒಂದು ಹೆಜ್ಜೆ ಮೇಲೆ ನಿಂತಿದ್ದ ಅಕ್ಕು ನೋಡಿದಳು. ನೋಡುವುದು ಅವಳಿಗೆ ಯಾವಾಗಲೂ ಬರುತ್ತಿತ್ತು.

"ನೋವಾ ಅತ್ತಿಗೆ?"

"ಮುಗೀಲಿ," ಎಂದಳು ತುಂಗಾ. "ಇನ್ನು ಚೂರು ಇತ್ತಲ್ದಾ. ಮುಗೀಲಿ."

ಮುಗಿಯಿತು. ತಾರಸಿಯ ಮೇಲೆ ಮಡಲು ಹಾಸಿ, ಗಾಳಿಗೆ ಹಾರದಂತೆ ಇಟ್ಟಿಗೆ ಹೇರಿದರು. ತುಂಗಾ ಸಾರ ಇಳಿದು ಬಿಡಾರದವರೆಗೆ ನಡೆದಳು. ಕುತ್ತಿಗೆಯ ಸಿಮೆಂಟು ತೊಳೆದುಕೊಳ್ಳುವುದಕ್ಕೂ ಸಮಯವಿರಲಿಲ್ಲ. ಗುಣವತಿಯಜ್ಜಿ ಹೆತ್ತಿಸಿದಳು. ಹೆಣ್ಣು ಕೂಸು. ಸಣ್ಣದು, ಕೆಂಪಗೆ, ಕೂಗಿದರೆ ಬೆಕ್ಕಿನ ಮರಿಯಷ್ಟು ಸದ್ದು. ಮೇಲೆ ಮಾಡು ಇರಲಿಲ್ಲ. ನಕ್ಷತ್ರವೂ ಇರಲಿಲ್ಲ. ಶೀನ ತಲೆ ಎತ್ತಿ ಮೋಡ ನೋಡಿದ.

ಬೆಳಗಾಗುವಾಗ ಮಳೆ ಬಂತು.

ಊರಿನ ಮಳೆ ಬೇರೆ. ಅದು ಬರುವ ಮೊದಲು ಗುಡ್ಡದಲ್ಲಿ ಸದ್ದು ಮಾಡುತ್ತದೆ, ಹೇಳಿ ಬರುತ್ತದೆ. ಇದು ಸಮುದ್ರದ ಕಡೆಯಿಂದ ಅಡ್ಡಡ್ಡ ಬಂದು ಮುಖಕ್ಕೆ ಹೊಡೆಯಿತು. ಗಂಜಿಯ ಒಲೆ ಮೊದಲು ಆರಿತು. ಚಾಪೆ ತೇಲಿತು. ತುಂಗಾ ಕೂಡಿಸಿಟ್ಟ ಬಟ್ಟೆಯ ಗಂಟು ನೆನೆದು ಕಲ್ಲಿನಷ್ಟು ಭಾರವಾಯಿತು. ಜನ ಕಾಂಪೌಂಡು ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತರು. ತುಂಗಾ ಮೂಲೆಯಲ್ಲಿ ಬೋರಲು ಬಾಗಿ, ತನ್ನ ಬೆನ್ನನ್ನೇ ಮಾಡು ಮಾಡಿ, ಹೊಟ್ಟೆಯ ಕೆಳಗೆ ಕೂಸನ್ನಿಟ್ಟುಕೊಂಡಿದ್ದಳು. ಅವಳ ಕಾಲಿನ ಕೆಳಗೆ ಹೋಗುವ ನೀರು ಕೆಂಪಗಿತ್ತು.

ಯಾರೂ ಅಕ್ಕುವಿಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಗುಣವತಿಯಜ್ಜಿ ಮಾತ್ರ ಮುಖದ ನೀರು ಒರೆಸಿಕೊಂಡು, ಯಾರಿಗೂ ಅಲ್ಲವೆಂಬಂತೆ ಹೇಳಿದಳು. "ನವರಾತ್ರಿ ಕಳೀತಲ್ದಾ."

ಅಕ್ಕು ಓಡಿದಳು. ಕಮಲಾಕರ ಕಟ್ಟಡದ ಮುಂಬಾಗಿಲ ಒಳಗೆ ನಿಂತಿದ್ದ. ಒಣಗಿದ ನೆಲ. ಒಣಗಿದ ಗೋಡೆ. ಮೆಟ್ಟಿಲ ಕೆಳಗೆ ಸಿಮೆಂಟಿನ ಮೂಟೆಗಳನ್ನು ಹಲಗೆಯ ಮೇಲೆ ಒಟ್ಟಿ, ಗೋಣಿ ಹೊದೆಸಿ ಮಲಗಿಸಿದ್ದರು.

"ಅತ್ತಿಗೆ ಹೆತ್ತಿದ್ಳು," ಎಂದಳು. "ಒಳಗೆ ಮಲಗ್ಸುಕೆ ಬಿಡಿ."

"ಅಯ್ಯೋ, ಇಲ್ಲಿ ಹ್ಯಾಗಮ್ಮಾ?" ಕಮಲಾಕರ ಹಿಂದೆ ಸರಿದ. ಕೆಟ್ಟವನಲ್ಲ ಅವನು. ಮುಖದಲ್ಲಿ ಸಂಕಟವಿತ್ತು. "ವಿಜಯದಶಮಿಗೇ ಹೋಮ ಆಗಿದೆ. ಒಳಗೆ ಅಡುಗೆಯೋರು ಬಂದಿದಾರೆ, ಹೊಸ ಒಲೆ ಪಳಗಿಸ್ತಾ ಇದಾರೆ. ದೀಪಾವಳಿಗೆ ಓಪನಿಂಗು. ಹೆತ್ತ ಸೂತಕ, ಅಮೆ ಬೇರೆ. ರಾಯರು ನನ್ನ ಕೆಲಸ ತೆಗೆದುಬಿಡ್ತಾರೆ."

"ಮಡ್ಲಾದ್ರೂ ಕೊಡಿ."

"ಅದು ಮೇಲೆ ಹಾಕಿಯಾಯ್ತಲ್ಲ. ಇನ್ನೂ ಹಸಿ ಅದು. ತೆಗೆದ್ರೆ ತಾರಸಿ ಹೋಯಿತು."

ಅಕ್ಕು ಮೊದಲ ಸಲ ಅವನ ಮುಖವನ್ನು ನೇರ ನೋಡಿದಳು. "ಮಳಿ ಬಪ್ಪುದು ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು? ಮದ್ರಾಸಲ್ಲಿ ಐಪ್ಪಸಿ ಮಳೆ ಯಾರಿಗೆ ಗೊತ್ತಿಲ್ಲ? ಆಡಿ ಮಾಸದಲ್ಲೇ, ಎರಡು ಮೂರು ತಿಂಗಳು ಮುಂಚೇನೇ ಪ್ಲಾನು ಹಾಕಿದ್ದು. ಮಳೆಗೆ ಮುಂಚೆ ತಾರಸಿ. ಮಳೇಲಿ ಒಳಗಡೆ ಮರದ ಕೆಲಸ, ಗಾರೆ. ಸಿಮೆಂಟು ಮೆಟ್ಟಿಲು ಕೆಳಗೆ, ಕಬ್ಬಿಣ ಹಿಂದಿನ ರೂಮಲ್ಲಿ, ಸುಣ್ಣ ಮೂಲೆ ಅಂಗಡೀಲಿ. ಎಲ್ಲಾದಕ್ಕೂ ಇಡಂ ಮಾಡಿದೀನಿ."

"ನಾವು?"

"ಏನು?"

"ನಮಗೆ ಎಲ್ಲಿ ಜಾಗ?"

ಕಮಲಾಕರ ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡ. ಅವನು ನಿಜವಾಗಿಯೂ ಯೋಚಿಸುತ್ತಿದ್ದ. ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ.

ಅಕ್ಕು ಅವನ ಪಕ್ಕದಿಂದ ಒಳಗೆ ನುಗ್ಗಿ ಮೆಟ್ಟಿಲು ಹತ್ತಿದಳು.

"ಏಯ್, ಎಲ್ಲಿಗೆ?"

ತಾರಸಿಯ ಮೇಲೆ ಗಾಳಿ ನಿಲ್ಲಗೊಡಲಿಲ್ಲ. ಅವಳು ಕೂತು ಮೊದಲ ಇಟ್ಟಿಗೆಯನ್ನು ಎತ್ತಿ ಪಕ್ಕಕ್ಕೆ ಇಟ್ಟಳು. ಎರಡನೆಯದನ್ನು ಎಸೆದಳು. ಮಡಲನ್ನು ಎಳೆದಳು. ಕೆಳಗೆ ಹಸಿ ಕಾಂಕ್ರೀಟು ನುಣ್ಣಗೆ ಬೂದುಹಸಿರಾಗಿ, ಸಾರಿಸಿದ ಅಂಗಳದ ಹಾಗೆ ಇತ್ತು. ಅದರ ಮೇಲೆ ಮಳೆ ಬಿತ್ತು. ಹನಿ ಬಿದ್ದಲ್ಲೆಲ್ಲ ಸಣ್ಣ ಸಣ್ಣ ತೂತು. ಬೂದಿಬಣ್ಣದ ನೀರು ಹರಿಯತೊಡಗಿತು. ಅವಳೂ ತುಂಗಾನೂ ತಲೆಯ ಮೇಲೆ ಹೊತ್ತದ್ದು ಹರಿಯುತ್ತಿತ್ತು. ಅವಳು ನಿಲ್ಲಿಸಲಿಲ್ಲ.

ಕಮಲಾಕರ ಮೆಟ್ಟಿಲ ತುದಿಯಲ್ಲಿ ಕೊಡೆ ಹಿಡಿದು ನಿಂತು ಕೂಗಿದ. "ಬೇಡಮ್ಮಾ. ಹೇಳಿದ್ದು ಕೇಳು. ಪೊಲೀಸು ಗೀಲೀಸು ಆಗುತ್ತೆ."

"ಆಗ್ಲಿ."

"ರಾಯರು ನಿನ್ನನ್ನ ಸುಮ್ನೆ ಬಿಡ್ತಾರಾ?"

"ಇದು ನಾವು ಹೆಣೆದದ್," ಎಂದಳು ಅಕ್ಕು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ನಾನೇ ಬಿಚ್ಸದ್ದ್. ನಾನೇ ತಕಂಡ್ ಹೋತೆ."

ಕಮಲಾಕರ ರಾಯರಿಗೆ ಹೇಳಿ ಕಳಿಸಲು ಕೆಳಗೆ ಓಡಿದ. ಅವನಿಗೆ ಎದುರಾಗಿ ಶೀನ ಹತ್ತಿ ಬಂದ. ತಂಗಿ ಕೈಯಲ್ಲಿ ಹಿಡಿದ ಮಡಲನ್ನು ನೋಡಿದ. ನಿಂತ.

ಅಕ್ಕು ಕೈಯಲ್ಲಿದ್ದದ್ದನ್ನು ಬಿಡಲಿಲ್ಲ. "ಅಣ್ಣಾ, ಕನ್ನಿಯಮ್ಮ ಅವತ್ತೇ ಹೇಳಿದ್ಳು. ಮಳಿ ಬತ್ತ್ ಅಂದಿದ್ಳು. ನಂಗೆ ಅರ್ಥ ಆಯ್ತ್. ನಾನು ನಿಮ್ಮ ಹತ್ರ ಹೇಳ್ಲಿಲ್ಲ."

ಶೀನನ ಕೈ ಮೇಲೆ ಹೋಯಿತು. ಹೊಡೆಯುತ್ತಾನೆ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು. ಹೊಡೆತಕ್ಕೆ ಕಾದಳು. ಅದು ಬರಲಿಲ್ಲ. ಕಣ್ಣು ಬಿಟ್ಟಾಗ ಅವನು ಬಾಗಿ ಇಟ್ಟಿಗೆ ತೆಗೆಯುತ್ತಿದ್ದ. ಅವಳ ಕಡೆ ತಿರುಗಲಿಲ್ಲ. ಅವತ್ತಿನಿಂದ ಆ ಗಳಿಗೆಯವರೆಗೆ ಹೊಟ್ಟೆಯೊಳಗೆ ಇಟ್ಟುಕೊಂಡದ್ದನ್ನು ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ.

ಇಬ್ಬರೂ ಹೊರುವಷ್ಟು ಹೊತ್ತು ಇಳಿದರು. ಗೋಡೆಗೆ ನಿಂತವರು ನೋಡುತ್ತಲೇ ನಿಂತಿದ್ದರು. ಯಾರೂ ಮುಂದೆ ಬರಲಿಲ್ಲ. ಊರಿನಲ್ಲಿ ಅವರ ಗುಡಿಸಲು ನಿಂತದ್ದು ರಾಯರ ಜಾಗದಲ್ಲಿ. ಹಿಂದೆ ಉಳಿದ ಮುದುಕರು, ಮಕ್ಕಳು ಇದ್ದದ್ದು ಅಲ್ಲಿ. ಗುಣವತಿಯಜ್ಜಿ ಒಬ್ಬಳು ಬಂದು ಬಿದಿರಿಗೆ ಮಡಲು ಆನಿಸಲು ಕೈ ಕೊಟ್ಟಳು. ತುಂಗಾನ ಮೇಲೆ ಒಂದು ಓರೆ ಮಾಡು ಎದ್ದಿತು. ಆದರೆ ನೆನೆದು ಜೋತ ಮಡಲು. ಅದರಿಂದಲೇ ನೀರು ತೊಟ್ಟಿಕ್ಕುತ್ತಿತ್ತು.

ಅಜ್ಜಿ ಕೂಸಿನ ಪಾದ ಮುಟ್ಟಿದಳು. ಕಿವಿ ಮುಟ್ಟಿದಳು. "ತಣ್ಣಗಾತ್ತ್ ಮಾರಾಯ್ತಿ," ಎಂದಳು. "ಬೆಂಕಿ ಬೇಕ್. ಬೆಂಕಿ ಇಲ್ದಿರೆ ಇದ್ ಉಳೂದಿಲ್ಲೆ."

ಸುತ್ತ ಒಂದು ಒಣ ಕಡ್ಡಿ ಇರಲಿಲ್ಲ. ಶೀನ ಆಸ್ಪತ್ರೆಗೆ ಒಯ್ಯಲು ರಿಕ್ಷಾ ತರುತ್ತೇನೆಂದು ಮೊಣಕಾಲು ನೀರಿನಲ್ಲಿ ರಸ್ತೆಗೆ ಓಡಿದ. ಅವನು ತಿರುವಿನಲ್ಲಿ ಮರೆಯಾದ ಮೇಲೂ ಅಕ್ಕು ಆ ಕಡೆ ನೋಡಿದಳು. ರಸ್ತೆಯಲ್ಲಿ ಒಂದು ರಿಕ್ಷಾವೂ ಇರಲಿಲ್ಲ. ಆಮೇಲೆ ಕಟ್ಟಡದ ಕಡೆ ನೋಡಿದಳು. ಹಿಂದಿನ ಚಿಮಣಿಯಿಂದ ಹೊಗೆ ಏಳುತ್ತಿತ್ತು.

"ಕೊಡು ಅತ್ತಿಗೆ."

ತುಂಗಾ ಕೂಸನ್ನು ಕೊಟ್ಟಳು. ಕೊಡುವಾಗ ಅಕ್ಕುವಿನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಅವಳು ಈಗಲೂ ಅಕ್ಕುವನ್ನು ನಂಬಿದ್ದಳು.

ಕೂಸನ್ನು ರವಕೆಯೊಳಗೆ ಎದೆಗೆ ಹಚ್ಚಿಕೊಂಡು ಅಕ್ಕು ಹಿಂಬಾಗಿಲಿಗೆ ಬಂದಳು. ಈ ಅಡುಗೆಮನೆಯ ನೆಲಕ್ಕೆ ಇಟ್ಟಿಗೆಪುಡಿ ಹಾಕಿ ತಿಕ್ಕಿದವಳು ಅವಳೇ. ಒಲೆಯ ಕಟ್ಟೆಗೆ ಮಣ್ಣು ತುಳಿದವಳು ತುಂಗಾ. ಹೋಮವಾದ ದಿನದಿಂದ ಇಬ್ಬರೂ ಆ ಹೊಸ್ತಿಲ ಹತ್ತಿರ ಸುಳಿದಿರಲಿಲ್ಲ. ಒಳಗೆ ದೊಡ್ಡ ಒಲೆ ಉರಿಯುತ್ತಿತ್ತು. ಮೈಲಾಪುರದಿಂದ ಬಂದ ಅಡುಗೆಯವರು ಬರಿಮೈಯಲ್ಲಿ ನಿಂತು ಹಂಡೆಯ ಹಾಲು ಕಾಯಿಸುತ್ತಿದ್ದರು. ರಾಯರ ಹೆಂಡತಿ ಜಲಜಾಕ್ಷಿಯಮ್ಮ ಮಣೆಯ ಮೇಲೆ ಕೂತು ಏಲಕ್ಕಿ ಬಿಡಿಸುತ್ತಿದ್ದರು. ಸುದ್ದಿ ತಿಳಿದು ಆಗಷ್ಟೇ ಬಂದಿಳಿದ ರಾಯರು ಒದ್ದೆ ಚಪ್ಪಲಿ ಬಿಟ್ಟು, ಕಮಲಾಕರನ ಮಾತು ಕೇಳುತ್ತ ನಿಂತಿದ್ದರು.

"ಅಲ್ಲಿಯೇ ನಿಲ್ಲು," ಎಂದರು ಜಲಜಾಕ್ಷಿಯಮ್ಮ. "ಅಮೆ ಇದ್ದವರಿಗೆ ಬೆಂಕಿ ಕೊಡುವ ಕ್ರಮ ಇಲ್ಲ. ನಿನಗೆ ಗೊತ್ತಿಲ್ಲವಾ ಹೆಣ್ಣೇ?"

ಗೊತ್ತಿತ್ತು. ಹೆತ್ತ ಮನೆಗೆ ಕೆಂಡ ಕೊಡುವುದಿಲ್ಲ, ಉಪ್ಪು ಕೊಡುವುದಿಲ್ಲ. ಅವಳ ಕೇರಿಯವರೂ ಪಾಲಿಸುವ ಕ್ರಮ ಅದು. ನವರಾತ್ರಿ ಕಳೆದ ಮೇಲೆ ತಟ್ಟಿ ಬಿಚ್ಚುವುದೂ ಕ್ರಮವೇ.

ಅಕ್ಕು ಹೊಸ್ತಿಲು ದಾಟಿದಳು.

ಅವಳ ಕಾಲಿನಿಂದ ಕೆಂಪು ಮಣ್ಣಿನ ನೀರು ತಿಕ್ಕಿದ ನೆಲದ ಮೇಲೆ ಇಳಿಯಿತು. ಅಡುಗೆಯವರು ಗೋಡೆಗೆ ಸರಿದರು. ಒಬ್ಬ ತನ್ನ ಜನಿವಾರ ಹಿಡಿದುಕೊಂಡ. ಜಲಜಾಕ್ಷಿಯಮ್ಮ ಸೀರೆ ಎತ್ತಿಕೊಂಡು ಮಣೆಯಿಂದ ಎದ್ದರು.

"ತಾರಸಿ ಹಾಳು ಮಾಡಿದ್ದು ಸಾಲದಾ?" ರಾಯರು ಕೇಳಿದರು. ಕೂಗಲಿಲ್ಲ. "ನೀನು ಹೇಳಿದ ಮೇಲಲ್ವಾ ನಿಮ್ಮವರು ಮಡಲು ಬಿಚ್ಚಿದ್ದು? ನಾನು ಮಳೆ ಬರುವುದಿಲ್ಲ ಅಂದಿದ್ದೆನಾ? ಹೇಳು, ಅಂದಿದ್ದೆನಾ?"

"ಇಲ್ಲ," ಎಂದಳು ಅಕ್ಕು. "ನಾನೇ ಹೇಳಿದ್ದು. ಅದಕ್ಕೇ ನಾನೇ ಬಂದೆ."

ಅವಳು ಸೆರಗು ಸರಿಸಿದಳು. ಎಲ್ಲರಿಗೂ ಕೂಸು ಕಂಡಿತು. ಅದರ ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ತುಟಿ ನೇರಳೆಯಾಗಿತ್ತು. ಅವಳ ಎದೆಯ ಮೇಲೆ ಅದರ ಎದೆ ಇನ್ನೂ ಏಳುತ್ತಿತ್ತು, ಬೀಳುತ್ತಿತ್ತು. ಬಿಟ್ಟು ಬಿಟ್ಟು.

ಒಲೆಯ ಎದುರು ಅಡುಗೆಯವರಿಬ್ಬರು ಅಡ್ಡ ನಿಂತಿದ್ದರು. ಅವರ ಕಾಲುಗಳ ನಡುವಿನಿಂದ ಬೆಂಕಿ ಕಾಣುತ್ತಿತ್ತು. ಅದರ ಶಾಖ ಅವಳವರೆಗೆ ಬರುತ್ತಿರಲಿಲ್ಲ.

"ಇದಕ್ಕೆ ಚಳಿ," ಎಂದಳು ಅಕ್ಕು. "ಒಲೆ ಹತ್ರ ಚೂರು ಜಾಗ ಬಿಡಿ."

ಕಮಲಾಕರ ಕಿಟಕಿಯ ಕಡೆ ನೋಡಿದ. ಜಲಜಾಕ್ಷಿಯಮ್ಮ ಗಂಡನ ಕಡೆ ನೋಡಿದರು. ರಾಯರು ನೆಲದ ಮೇಲಿನ ಕೆಂಪು ನೀರನ್ನು ನೋಡುತ್ತಿದ್ದರು. ಅಡುಗೆಯವರ ಕಾಲು ಕದಲಲಿಲ್ಲ.

"ಚೂರು ಜಾಗ ಬಿಡಿ," ಎಂದಳು ಮತ್ತೆ.

ಒಲೆಯ ಕಡೆಗೆ ಇನ್ನೊಂದು ಹೆಜ್ಜೆ ಇಟ್ಟಳು.